4.3 ಸ್ಟಾರಿನ ಹುಲ್ಲು ಮಷಿನ್

ಮೇ ತಿಂಗಳ ಕೊನೆ. ಮೂಡಿಗೆರೆಯಲ್ಲಿ ಗುಡುಗು ಮಳೆ ಎರಡು ಸಲ ಹೊಡೆದು ಹೋಗಿತ್ತು. ಭಾವ ನನ್ನ ಕಂಪ್ಯೂಟರ್ ಸೆಂಟರಿಗೆ ಬಂದು, ಒದ್ದೆ ಕೊಡೆಯನ್ನು ಬಾಗಿಲ ಸಂದಿಗೆ ಒರಗಿಸಿ, ಮೊಬೈಲನ್ನು ನನ್ನ ಕೀಬೋರ್ಡಿನ ಮೇಲೇ ಇಟ್ಟರು.

"ಇದನ್ನ ಆರ್ಡರ್ ಹಾಕು ಮಾರಾಯ. 4.3 ಸ್ಟಾರ್ ಇದೆ. ಸಾವಿರದೊಂಬೈನೂರು ಜನ ಹಾಕಿದಾರೆ."

"ಒಂದು ಸಲ ರಿವ್ಯೂ ಓದಿ ನೋಡೋಣ ಭಾವ."

"ಸಾವಿರದೊಂಬೈನೂರು ಜನಾನೂ ಸೇರ್ಕೊಂಡು ಸುಳ್ಳು ಹೇಳ್ತಾರೇನೋ?"

ಈ ಪ್ರಕರಣ ಶುರುವಾಗಿದ್ದು ಆ ಮಾತಿನಿಂದ. ಪಹಣಿ, ಜೆರಾಕ್ಸ್, ಬಸ್ ಟಿಕೆಟ್ಟು, ಬೆಳೆ ವಿಮೆ ಅರ್ಜಿಗಳ ನಡುವೆ ಊರವರಿಗೆ ಆನ್‌ಲೈನ್ ಆರ್ಡರ್ ಹಾಕಿಕೊಡುವುದೂ ನನ್ನ ಕಸುಬು. ಆರ್ಡರ್ ಹಾಕಿದ್ದಕ್ಕೆ 20 ರೂಪಾಯಿ. ಸಾಮಾನು ಕೈಕೊಟ್ಟರೆ ರಿಟರ್ನ್ ಹಾಕಿಸಿ ಬೈಸಿಕೊಳ್ಳುವುದು ಪುಕ್ಕಟೆ. ಬೈಸಿಕೊಂಡೂ ಬೈಸಿಕೊಂಡೂ ರಿವ್ಯೂ ಓದುವ ಚಟ ಹತ್ತಿದೆ. ಆದರೆ ಒಂದೇ ಸಾಮಾನಿನ ರಿವ್ಯೂಗಳನ್ನು ನೋಟ್‌ಬುಕ್ ಇಟ್ಟುಕೊಂಡು, ಗೆರೆ ಎಳೆದು, ಐದು ಸಂಜೆ ಕೂತು ಓದಿದ್ದು ಇದೇ ಮೊದಲು. ಅಕ್ಕನ ಮನೆಯ ದುಡ್ಡು ಅಂತ ಅಷ್ಟು ಮುತುವರ್ಜಿ.

ಭಾವನ ತೋಟ ಆಲ್ದೂರು ಕಡೆ. ನಾಲ್ಕು ಎಕರೆ ಅರೇಬಿಕಾ ಕಾಫಿ, ನೆರಳಿಗೆ ಸಿಲ್ವರ್ ಓಕ್, ಓಕಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಮುಕ್ಕಾಲು ಪಾಲು ಇಳಿಜಾರು. ಸಾಲಿನ ನಡುವೆ ಮಳೆನೀರು ಹಿಡಿಯಲು ತೋಡಿದ ತೊಟ್ಟಿಲು ಗುಂಡಿಗಳು. ಮೊದಲೆಲ್ಲ ಕಳೆಗೆ ಆಳು ಬಂದು ಕತ್ತಿಯಲ್ಲಿ ಹೊಡೆಯುತ್ತಿದ್ದರು. ಈಗ ಆಳಿಗಾಗಿ ಫೋನ್ ಮಾಡುವುದೇ ಒಂದು ಕೆಲಸ. ಹೀಗಾಗಿ ಮಷಿನ್ ಯೋಚನೆ. ಭಾವ ತೋರಿಸಿದ್ದು 52 ಸಿಸಿ, ಎರಡು ಸ್ಟ್ರೋಕಿನ, ಹೆಗಲಿಗೆ ಪಟ್ಟಿ ಹಾಕಿ ಪಕ್ಕಕ್ಕೆ ಇಳಿಬಿಡುವ ಜಾತಿಯದು. ಬೆಲೆ 8,999. ಪುಟದ ನೆತ್ತಿಯಲ್ಲಿ ದಪ್ಪಕ್ಷರದಲ್ಲಿ '3 ಎಚ್‌ಪಿ ಪವರ್'. ಅಂಗಡಿಯಲ್ಲಿ ಸಿಗುವ ಹೆಸರುವಾಸಿ ಕಂಪನಿಯ ನಾಲ್ಕು ಸ್ಟ್ರೋಕಿನ ಮಷಿನ್ನಿಗೆ ಇದರ ಮೂರು ಪಟ್ಟು ಬೀಳುತ್ತದೆ. ಭಾವನ ಆಸೆಯಲ್ಲಿ ತಪ್ಪೇನಿರಲಿಲ್ಲ.

ಗಾರ್ಡನ್ ಪೈಪಿನ ಸಾಕ್ಷಿ

ಮೊದಲು ಸ್ಟಾರಿನ ಪಟ್ಟಿಗಳ ಉದ್ದ ನೋಡಿದೆವು. ಐದರದ್ದು ಉದ್ದಕ್ಕೆ ಚಾಚಿಕೊಂಡಿದೆ, ಒಂದರದ್ದು ಅದಕ್ಕಿಂತ ಗಿಡ್ಡ, ನಡುವಿನ ಮೂರೂ ಉಗುರಿನಷ್ಟು. ಇದರಿಂದ ಏನೂ ಹೇಳಲಾಗುವುದಿಲ್ಲ. ಪ್ರಾಮಾಣಿಕ ಸಾಮಾನುಗಳಿಗೂ ಹೆಚ್ಚು ಕಡಿಮೆ ಹೀಗೇ ಇರುತ್ತದೆ. ಇಷ್ಟವಾಗುತ್ತದೆ ಅಂದುಕೊಂಡವರೇ ಕೊಳ್ಳುವುದು, ಕೊಂಡವರಲ್ಲಿ ಹಿಗ್ಗಿದವರೂ ಸಿಟ್ಟಾದವರೂ ಬರೆಯುವುದು, 'ಪರವಾಗಿಲ್ಲ' ಅನ್ನಿಸಿದವರು ಸುಮ್ಮನೆ ಕೆಲಸಕ್ಕೆ ಹೋಗುವುದು. 4.3 ಅನ್ನುವುದು ಆ ಇಬ್ಬರ ಜಗಳದ ನಡುವೆ ಎಳೆದ ಗೆರೆ. ಅದೂ ಸರಳ ಸರಾಸರಿ ಆಗಿರಬೇಕೆಂದಿಲ್ಲ. ಅಮೆಜಾನ್ ತನ್ನ ಲೆಕ್ಕದಲ್ಲಿ ರಿವ್ಯೂ ಎಷ್ಟು ಹೊಸದು, ನಿಜವಾಗಿ ಕೊಂಡವರದೇ ಎಂಬುದನ್ನೆಲ್ಲ ತೂಗುತ್ತೇನೆ ಎಂದು ತಾನೇ ಹೇಳಿಕೊಂಡಿದೆ.

ಸ್ಟಾರ್ ಒತ್ತಿದವರು ಸಾವಿರದೊಂಬೈನೂರು, ಸರಿ. ಮಾತು ಬರೆದವರು 340. ಅಲ್ಲಿಗೇ ಭಾವನ ಸಾಕ್ಷಿಗಳಲ್ಲಿ ಮುಕ್ಕಾಲಕ್ಕೂ ಮಿಕ್ಕಿ ಜನ ಮೂಕರಾದರು.

ತಾಣ ತಾನಾಗಿ ಮೇಲೆ ತಂದಿಡುವ 'ಟಾಪ್' ರಿವ್ಯೂಗಳನ್ನು ಬಿಟ್ಟು, ಹೊಸದು ಮೊದಲು ಬರುವಂತೆ ಮಾಡಿಕೊಂಡು, ಕೆಳಗೆ ಕೆಳಗೆ ಇಳಿದೆವು. ಎರಡನೇ ಸಂಜೆ ಪಾತಾಳ ಮುಟ್ಟಿದಾಗ ಭಾವ ಕನ್ನಡಕ ಏರಿಸಿದರು. "ಇದೇನೋ ಇದು, ಪೈಪು ಲೀಕ್ ಆಗಲ್ಲ, ಬಿಸಿಲಿಗೆ ಸೀಳಲ್ಲ ಅಂತ ಬರೆದಿದಾನೆ?"

ಗಾರ್ಡನ್ ಪೈಪು. ಎರಡು ವರ್ಷದ ಹಿಂದೆ ಅದೇ ಪುಟದಲ್ಲಿ ಪೈಪು ಮಾರುತ್ತಿದ್ದರು. ಪೈಪಿಗೆ ಒಳ್ಳೆ ಹೆಸರು ಬಂದಮೇಲೆ ಪುಟ ಅದೇ ಇಟ್ಟುಕೊಂಡು, ಫೋಟೊ, ಹೆಸರು, ಬೆಲೆ ಬದಲಿಸಿ ಮಷಿನ್ ಕೂರಿಸಿದ್ದಾರೆ. ಪೈಪು ಕೊಂಡವರ ಸ್ಟಾರೆಲ್ಲ ಮಷಿನ್ನಿನ ಖಾತೆಗೆ ಬಂದಿದೆ. ಪೈಪಿನವರು ಯಾರೂ ಸುಳ್ಳು ಹೇಳಿಲ್ಲ ಅನ್ನುವುದನ್ನು ಗಮನಿಸಿ. ಒಳ್ಳೆ ಪೈಪೇ ಇದ್ದಿರಬೇಕು. ಇದು ನಮ್ಮೂರಿನ ಕಳ್ಳ ಉಪಾಯವೂ ಅಲ್ಲ. ಅಮೆರಿಕದಲ್ಲಿ ವ್ಯಾಪಾರದ ಮೋಸ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರ ಫೆಬ್ರುವರಿಯಲ್ಲಿ ಬೌಂಟಿಫುಲ್ ಎಂಬ ವಿಟಮಿನ್ ಕಂಪನಿ ಮೇಲೆ ಇಂಥದ್ದೇ ದೂರು ಹಾಕಿ 6 ಲಕ್ಷ ಡಾಲರ್ ಕಕ್ಕಿಸಿತು. ಹೊಸ ಸಾಮಾನನ್ನು ಚೆನ್ನಾಗಿ ಮಾರಾಟವಾಗುತ್ತಿದ್ದ ಹಳೆಯದರ ಜೊತೆ ಅಮೆಜಾನಿನಲ್ಲಿ ಜೋಡಿಸಿ, ಹಳೆಯದರ ಸ್ಟಾರು ಹೊಸದಕ್ಕೆ ಬರುವಂತೆ ಮಾಡಿದ್ದು ಅದರ ತಪ್ಪು.

ಪೈಪಿನವರನ್ನು ತೆಗೆದರೆ ಉಳಿದ ಮಾತು 190. ಅವುಗಳಲ್ಲಿ 46 ಜನವರಿಯ ಒಂಬತ್ತೇ ದಿನದಲ್ಲಿ ಬಿದ್ದಿದ್ದವು, ಎಲ್ಲವೂ ಐದು ಸ್ಟಾರು. ನಾನು ತಕ್ಷಣ ಕೆಂಪು ಗೆರೆ ಎಳೆದೆ. ಭಾವ ತಡೆದರು. ಒಂದೇ ಹೊತ್ತಿಗೆ ಬಿದ್ದ ಮಾತ್ರಕ್ಕೆ ಸುಳ್ಳು ಹೇಗಾಗುತ್ತೆ, ನಮ್ಮಲ್ಲೂ ಮಳೆ ಶುರುವಾಗೋ ಹೊತ್ತಿಗೇ ಎಲ್ಲರೂ ಮಷಿನ್ ತಗೊಳ್ಳೋದಲ್ವಾ ಅಂದರು. ಒಳ್ಳೆಯ ಪ್ರಶ್ನೆ. ಆದರೆ ಜನವರಿ ಅಂದರೆ ನಮ್ಮಲ್ಲಿ ಕಾಫಿ ಕೊಯ್ಲು, ಕಣದ ತುಂಬ ಹಣ್ಣು, ಹುಲ್ಲು ಒಣಗಿ ಮಲಗಿರುವ ಕಾಲ. ಬೇರೆ ರಾಜ್ಯದಲ್ಲಿ ಬೇರೆ ಋತು ಇರಬಹುದು, ಒಪ್ಪೋಣ. ಹಾಗಾಗಿ ತಾರೀಖಿನ ಮೇಲೆ ತೀರ್ಪು ಕೊಡದೆ, ಆ 46 ಜನರ ಹೆಸರನ್ನು ಒಂದೊಂದಾಗಿ ಒತ್ತಿದೆವು.

ಹೆಸರಿನ ಹಿಂದೆ ಯಾರಿದ್ದಾರೆ

ರಿವ್ಯೂ ಬರೆದವರ ಹೆಸರು ಒತ್ತಿದರೆ ಅವರು ಬರೆದ ಬೇರೆ ರಿವ್ಯೂಗಳೂ ಕಾಣುತ್ತವೆ, ಅವರು ಮುಚ್ಚಿಟ್ಟಿರದಿದ್ದರೆ. ಈ ಒಂದು ಕೆಲಸ ಮಾಡುವವರು ತೀರಾ ಕಡಿಮೆ. ನನ್ನ ಲೆಕ್ಕದಲ್ಲಿ ರಿವ್ಯೂ ಓದುವುದೆಂದರೆ ಮುಕ್ಕಾಲು ಪಾಲು ಇದೇ.

ಒಬ್ಬ ಮಹಾನುಭಾವ ಒಂದೇ ದಿನದಲ್ಲಿ ಮಗುವಿನ ಡೈಪರು, ಮೊಬೈಲ್ ಕವರು, ಪ್ರೋಟೀನ್ ಪುಡಿ, ಹುಲ್ಲು ಮಷಿನ್, ಹೆಂಗಸರ ಚಪ್ಪಲಿ ಎಲ್ಲಕ್ಕೂ ಐದು ಸ್ಟಾರ್ ಕೊಟ್ಟಿದ್ದ. ಎಲ್ಲಕ್ಕೂ ಅದೇ ಮಾತು: ನೈಸ್ ಪ್ರಾಡಕ್ಟ್, ವರ್ತ್ ಫಾರ್ ಮನಿ. ಇಂಥವರು 46ರಲ್ಲಿ 31 ಜನ. ಅವರಲ್ಲಿ ಬಹುತೇಕರ ಹೆಸರಿನ ಕೆಳಗೆ 'ಕೊಂಡವರು' ಎಂಬ ಮುದ್ರೆಯೂ ಇತ್ತು. ಭಾವನಿಗೆ ಗೊಂದಲವಾಗಿದ್ದು ಅಲ್ಲಿ: ತಾಣವೇ ಮುದ್ರೆ ಒತ್ತಿದ ಮೇಲೆ ಇನ್ನೇನು? ಆ ಮುದ್ರೆಯ ಅರ್ಥ ಇಷ್ಟೇ, ಆ ಖಾತೆಯಿಂದ ಆ ಸಾಮಾನಿಗೆ ದುಡ್ಡು ಕಟ್ಟಲಾಗಿದೆ. ಬಳಸಿದರು ಅಂತಲ್ಲ, ಡಬ್ಬ ಬಿಚ್ಚಿದರು ಅಂತಲೂ ಅಲ್ಲ. ಮಾರುವವನೇ ಪರಿಚಯದವರ ಹೆಸರಲ್ಲಿ ಆರ್ಡರ್ ಹಾಕಿಸಿ ಹಣ ವಾಪಸ್ ಕೊಟ್ಟರೂ ಮುದ್ರೆ ಬಿದ್ದೇ ಬೀಳುತ್ತದೆ.

ಈ 31 ಜನ ಯಾರಿರಬಹುದು? ಖಳನಾಯಕರೇ ಆಗಬೇಕಿಲ್ಲ. ಹಿಂದಿನ ವರ್ಷ ಒಬ್ಬ ಕಾಲೇಜು ಹುಡುಗ ನನ್ನ ಅಂಗಡಿಗೆ ಓಡಿ ಬಂದಿದ್ದ. ಟೆಲಿಗ್ರಾಮಿನಲ್ಲಿ ಯಾರೋ 'ಮನೆಯಿಂದಲೇ ಕೆಲಸ' ಅಂತ ಸೇರಿಸಿಕೊಂಡು, ಮೂರು ಹೋಟೆಲಿಗೆ ಐದು ಸ್ಟಾರ್ ಹಾಕಿಸಿ 150 ರೂಪಾಯಿ ನಿಜಕ್ಕೂ ಕಳಿಸಿದ್ದರು. ನಂಬಿಕೆ ಕೂತ ಮೇಲೆ 'ಪ್ರೀಪೇಯ್ಡ್ ಟಾಸ್ಕ್' ಅಂತ 5,000 ಕಟ್ಟಿಸಿಕೊಂಡರು, ಆಮೇಲೆ 12,000. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ, ದುಡ್ಡು ಬರಲಿಲ್ಲ. ಆ ಹುಡುಗ ಹಾಕಿದ ಮೂರು ಹೋಟೆಲಿನ ಸ್ಟಾರು ಎಲ್ಲೋ ಇವತ್ತಿಗೂ ಮಿನುಗುತ್ತಿರಬೇಕು. ಅವನು ಆ ಊರುಗಳನ್ನೇ ನೋಡಿಲ್ಲ.

ಇನ್ನು ಒಂದು ಸ್ಟಾರಿನವರು. ಜನ ಸಾಮಾನ್ಯವಾಗಿ 'ಬೈಗುಳವೇ ನಿಜ' ಅಂತ ಇವರನ್ನು ನಂಬುತ್ತಾರೆ. ಓದಿದರೆ ಅರ್ಧಕ್ಕರ್ಧ ಮಷಿನ್ನಿನ ವಿಷಯವೇ ಅಲ್ಲ: ಡಬ್ಬ ಹರಿದಿತ್ತು, ಡೆಲಿವರಿ ಹುಡುಗ ಗೇಟಿನಲ್ಲೇ ಬಿಟ್ಟು ಹೋದ, ಬಿಲ್ ಬರಲಿಲ್ಲ. ಆರು ಜನ ಮಾತ್ರ ಒಂದೇ ದೂರು ಹೇಳಿದ್ದರು, ಎರಡು ಮೂರು ದಿನದಲ್ಲಿ ಎಂಜಿನ್ ಹಿಡಿದುಹೋಯಿತು ಅಂತ. ಎರಡು ಸ್ಟ್ರೋಕಿನ ಎಂಜಿನ್ನಿಗೆ ಪೆಟ್ರೋಲಿನಲ್ಲೇ 2ಟಿ ಆಯಿಲ್ ಬೆರೆಸಬೇಕು, ಇಂಥ ಮಷಿನ್ನಿಗೆ ಲೀಟರಿಗೆ 40 ಎಂಎಲ್ ಅಂತ ಲೆಕ್ಕ. ಬರೀ ಪೆಟ್ರೋಲ್ ಹಾಕಿ ಓಡಿಸಿದರೆ ಪಿಸ್ಟನ್ ಕಾದು ಕಚ್ಚಿಕೊಳ್ಳುತ್ತದೆ. ಒಬ್ಬಾತ 'ಫುಲ್ ಟ್ಯಾಂಕ್ ಪೆಟ್ರೋಲ್ ಹಾಕಿದ್ದೆ' ಅಂತ ಹೆಮ್ಮೆಯಿಂದ ಬರೆದಿದ್ದ. ತಪ್ಪು ಅವನದೇ ಅಂತ ನಾನು ಅವನನ್ನು ಹೊಡೆದು ಹಾಕಲು ಹೊರಟೆ. ಆದರೆ ಆರು ಜನ ಒಂದೇ ತಪ್ಪು ಮಾಡಿದ್ದಾರೆಂದರೆ, ಡಬ್ಬದಲ್ಲಿ ಬರುವ ಪುಸ್ತಕದಲ್ಲಿ ಅದು ನೆಟ್ಟಗೆ ಬರೆದಿಲ್ಲ ಅಂತಲೂ ಆಯಿತು. ಅದನ್ನು ಪಕ್ಕದಲ್ಲಿ ಗುರುತು ಹಾಕಿಕೊಂಡೆ.

ಮೂರನೇ ಸಂಜೆ ಸಿಕ್ಕಿದ್ದು ಈ ಪ್ರಕರಣದ ಚಿನ್ನ. ಮೂರು ಸ್ಟಾರು, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಪೂರ್ಣವಿರಾಮ ಒಂದೂ ಇಲ್ಲ. ಸಾರಾಂಶ ಹೀಗೆ: ಒಂದು ಮಳೆಗಾಲ ಓಡಿಸಿದ್ದೇನೆ; ಎಳೆ ಹುಲ್ಲಿಗೆ ನೈಲಾನ್ ದಾರ ಸಾಕು, ಬಲಿತದ್ದಕ್ಕೆ ಬ್ಲೇಡೇ ಬೇಕು; ಇಳಿಜಾರಿನಲ್ಲಿ ಪಕ್ಕಕ್ಕೆ ನೇತಾಡುವ ಮಷಿನ್ ಹೊತ್ತವನನ್ನು ಕೆಳಗೆ ಎಳೆಯುತ್ತದೆ, ಬೆನ್ನಿಗೆ ಹೊರುವುದು ತಗೊಳ್ಳಿ; ಮೆಣಸಿನ ಬಳ್ಳಿ ಬುಡದ ಎರಡು ಅಡಿ ಒಳಗೆ ಮಷಿನ್ ತರಬೇಡಿ, ನನ್ನ ನಾಲ್ಕು ಬಳ್ಳಿ ಹೋಯಿತು.

ಅವರ ಹೆಸರು ಒತ್ತಿದೆ. ಗಮ್‌ಬೂಟು, 16 ಲೀಟರಿನ ಸ್ಪ್ರೇಯರು, ನೀಲಿ ಟಾರ್ಪಾಲು, ಅಲ್ಯೂಮಿನಿಯಂ ಏಣಿ, ಮಂಡಿ ನೋವಿನ ಪಟ್ಟಿ. ಐದು ವರ್ಷದಲ್ಲಿ ಹನ್ನೊಂದು ರಿವ್ಯೂ. ಎರಡಕ್ಕೆ ಐದು ಸ್ಟಾರು, ಒಂದಕ್ಕೆ ಒಂದು, ಉಳಿದದ್ದೆಲ್ಲ ನಡುವೆ. ಭಾವ ನಗಲು ಶುರು ಮಾಡಿದರು. "ಇವರು ನಮ್ಮವರೇ ಕಣೋ. ಏಣಿ ಮೆಣಸು ಕೊಯ್ಯೋಕೆ, ಟಾರ್ಪಾಲು ಕಣಕ್ಕೆ, ಪಟ್ಟಿ ಇಳಿಜಾರು ಹತ್ತಿ ಇಳಿದಿದ್ದಕ್ಕೆ."

ಇವರನ್ನು ನಂಬಲು ನನಗಿದ್ದ ದೊಡ್ಡ ಕಾರಣ ಆ ನಾಲ್ಕು ಬಳ್ಳಿ. ಮಷಿನ್ ಹೊಗಳಲು ಆ ಮಾತು ಬೇಡ. ತೆಗಳಲೂ ಬೇಡ, ಬಳ್ಳಿ ಹೋಗಿದ್ದಕ್ಕೆ ಮಷಿನ್ ಹೊಣೆಯಲ್ಲ. ಕೆಲಸ ಮಾಡಿ ಪೆಟ್ಟು ತಿಂದವರ ಬಾಯಲ್ಲಿ ಮಾತ್ರ ಹೀಗೆ ಯಾವ ಪಕ್ಷಕ್ಕೂ ಸೇರದ ವಿವರ ಬರುತ್ತದೆ. ಬಾಡಿಗೆಗೆ ಬರೆಯುವವನಿಗೆ ಇದು ಹೊಳೆಯುವುದಿಲ್ಲ, ಹೊಳೆದರೂ ಅದಕ್ಕೆ ದುಡ್ಡಿಲ್ಲ.

ಇವರ ಪಕ್ಕದಲ್ಲಿ ಇನ್ನೊಬ್ಬರನ್ನು ಇಟ್ಟು ನೋಡಿ. ಕಡೂರಿನವರು ಅಂತ ತಾವೇ ಹೇಳಿಕೊಂಡಿದ್ದಾರೆ, ತೆಂಗಿನ ತೋಟ, ಐದು ಸ್ಟಾರು, ಎಂಟು ತಿಂಗಳು ಬಳಸಿದ ಫೋಟೊ ಸಮೇತ. ನೂರಕ್ಕೆ ನೂರು ಪ್ರಾಮಾಣಿಕರು. ಜಿಲ್ಲೆಯೂ ನಮ್ಮದೇ. ಆದರೆ ಕಡೂರು ಬಯಲುಸೀಮೆ. ಸಮತಟ್ಟು ನೆಲ, ಮೂಡಿಗೆರೆಯಲ್ಲಿ ಬೀಳುವ ಮಳೆಯ ಕಾಲು ಭಾಗ ಬಂದರೆ ಹೆಚ್ಚು. ಮಷಿನ್ ಹೊತ್ತು ಸಾಲಿನಲ್ಲಿ ನೆಟ್ಟಗೆ ನಡೆದರಾಯಿತು. ಅವರ ಐದು ಸ್ಟಾರನ್ನು ನಂಬಿ ಆಲ್ದೂರಿನ ಇಳಿಜಾರಿಗೆ ತಂದಿದ್ದರೆ, ಬಾಡಿಗೆ ರಿವ್ಯೂ ನಂಬಿ ತಂದಷ್ಟೇ ನಷ್ಟ. ಭಾವನ ಮೊದಲ ದಿನದ ಪ್ರಶ್ನೆ, ಅಂದರೆ ಇಷ್ಟು ಜನ ಸುಳ್ಳು ಹೇಳ್ತಾರಾ ಅನ್ನುವುದು, ನನ್ನ ನೋಟ್‌ಬುಕ್ಕಿನಲ್ಲಿ ಅವತ್ತಿಗೆ ಅಳಿಸಿಹೋಯಿತು. ಅದರ ಜಾಗದಲ್ಲಿ ಎರಡು ಕಲಮು ಹಾಕಿದೆ: ಇವರು ನಮ್ಮ ಕೆಲಸ ಮಾಡಿದ್ದಾರಾ, ಹೇಳಿದ್ದರಿಂದ ಇವರಿಗೇನು ಲಾಭ.

ಯೂಟ್ಯೂಬ್ ವಿಷಯ ಬೇಗ ಮುಗಿಸುತ್ತೇನೆ. ಅದೇ ಮಷಿನ್ನಿನ ಮೂರು ಕನ್ನಡ ವಿಡಿಯೊ ಇದ್ದವು, ಮೂರರಲ್ಲೂ ಮನೆ ಮುಂದಿನ ಎಳೆ ಹುಲ್ಲು, ಮೂರರಲ್ಲೂ ಬ್ಲೇಡಿನ ಬಣ್ಣ ಹೋಗಿರಲಿಲ್ಲ. ಬ್ಲೇಡಿನ ಬಣ್ಣ ಕಲ್ಲುಮಣ್ಣಿಗೆ ತಾಗಿದ ಮೊದಲ ಗಂಟೆಯಲ್ಲೇ ಹೋಗುತ್ತದೆ. ದುಡ್ಡೋ ಪುಕ್ಕಟೆ ಸಾಮಾನೋ ಪಡೆದು ಹೊಗಳುವವರು ಅದನ್ನು ಎದ್ದು ಕಾಣುವಂತೆ ಹೇಳಬೇಕು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚನೆ ಹೊರಡಿಸಿದೆ. ಒಬ್ಬರು ಹೇಳಿದ್ದರು. ಮಿಕ್ಕಿಬ್ಬರು ಕೊಳ್ಳುವ ಲಿಂಕನ್ನಷ್ಟೇ ಕೊಟ್ಟಿದ್ದರು.

ಅರ್ಧ ನಿಜ ಹೇಳಿದವನು

ಒಂದು ಸ್ಟಾರಿನ ಒಂದು ರಿವ್ಯೂ ಮಾತ್ರ ಉಳಿದೆಲ್ಲದಕ್ಕಿಂತ ಬೇರೆ ಇತ್ತು. ಉದ್ದ, ಅಚ್ಚುಕಟ್ಟು, ತಾಂತ್ರಿಕ ಭಾಷೆ. ಎರಡು ಆರೋಪ: ಮೂರು ಎಚ್‌ಪಿ ಅನ್ನುವುದು ಸುಳ್ಳು, ಬಿಡಿಭಾಗ ಎಲ್ಲೂ ಸಿಗುವುದಿಲ್ಲ. ಹೆಸರು ಒತ್ತಿದರೆ ಆತ ಜೀವಮಾನದಲ್ಲಿ ಬರೆದದ್ದು ಎರಡೇ ರಿವ್ಯೂ. ಇದಕ್ಕೆ ಒಂದು ಸ್ಟಾರು, ಅದೇ ವಾರ ಇನ್ನೊಂದು ಬ್ರ್ಯಾಂಡಿನ ಮಷಿನ್ನಿಗೆ ಐದು. ಡೀಲರೋ, ಡೀಲರಿನ ಭಾಮೈದನೋ, ಯಾರೋ ಒಬ್ಬ.

ಭಾವ ಸುಮ್ಮನೆ ಬಿಡು ಅಂದರು. ನಾನು ಬಿಡಲಿಲ್ಲ, ಯಾಕೆಂದರೆ ಎರಡೂ ಆರೋಪ ಪರೀಕ್ಷೆ ಮಾಡಬಹುದಾದವು. 'ಚೆನ್ನಾಗಿಲ್ಲ' ಅಂದರೆ ಅಳೆಯಲಾಗದು. 'ಮೂರು ಎಚ್‌ಪಿ ಇಲ್ಲ' ಅಂದರೆ ಅಳೆಯಬಹುದು.

ಕೊಂಡವರು ಹಾಕಿದ ಫೋಟೊಗಳನ್ನು ಒಂದೊಂದಾಗಿ ಹಿಗ್ಗಿಸಿದೆವು. ಒಂದರಲ್ಲಿ ಎಂಜಿನ್ನಿನ ಶಕ್ತಿ ಬರೆದು ಹೊಡೆದ ತಗಡು ಸ್ಪಷ್ಟವಾಗಿ ಬಿದ್ದಿತ್ತು: 1.45 ಕಿಲೋವ್ಯಾಟ್. ಒಂದು ಎಚ್‌ಪಿಗೆ 0.746 ಕಿಲೋವ್ಯಾಟ್ ಲೆಕ್ಕದಲ್ಲಿ ಇದು ಎರಡು ಎಚ್‌ಪಿಗೂ ಕೂದಲೆಳೆ ಕಡಿಮೆ. ಪುಟದ ನೆತ್ತಿಯ ಮೂರು ಎಚ್‌ಪಿಯನ್ನು ಮಷಿನ್ನಿನ ಹೊಟ್ಟೆಗೆ ಹೊಡೆದ ತಗಡೇ ಸುಳ್ಳು ಮಾಡಿತ್ತು. ಫೋಟೊ ಹಾಕಿದವರು ಐದು ಸ್ಟಾರ್ ಕೊಟ್ಟು 'ಸೂಪರ್ ಪವರ್' ಅಂತ ಬರೆದಿದ್ದರು, ಪಾಪ.

ಎರಡನೆಯದಕ್ಕೆ ಚಿಕ್ಕಮಗಳೂರಿಗೆ ಹೋದ ದಿನ ಬಿಡಿಭಾಗದ ಅಂಗಡಿಯಲ್ಲಿ ಆ ತಗಡಿನ ಫೋಟೊ ತೋರಿಸಿದೆ. ಕೌಂಟರಿನವರು ನೋಡಿದ್ದೇ ತಡ, ಸ್ಟಾರ್ಟರ್ ಹಗ್ಗದ ಚಕ್ರ, ಕ್ಲಚ್, ಕಾರ್ಬೊರೇಟರ್ ಮೂರನ್ನೂ ಮೇಜಿನ ಮೇಲೆ ಇಟ್ಟರು. ಚೀನಾದ ಈ 52 ಸಿಸಿ ಎಂಜಿನ್ ಹತ್ತಾರು ಹೆಸರಲ್ಲಿ ಬರುತ್ತದೆ, ಭಾಗಗಳು ಹೆಚ್ಚು ಕಡಿಮೆ ಒಂದಕ್ಕೊಂದು ಕೂರುತ್ತವೆ, ಕಾರ್ಬೊರೇಟರಿಗೆ ಮಾತ್ರ ಹಳೆಯದನ್ನು ತಂದು ತೋರಿಸಬೇಕು, ಅಂದರು. ಅಲ್ಲಿಗೆ ಅನಾಮಧೇಯ ಡೀಲರ್ ಮಹಾಶಯ ಒಂದರಲ್ಲಿ ಪಾಸು, ಒಂದರಲ್ಲಿ ಫೇಲು. ಸ್ವಾರ್ಥ ಇದ್ದವನ ಮಾತೆಲ್ಲ ಸುಳ್ಳು ಅಂತ ಎಸೆದಿದ್ದರೆ ಎಚ್‌ಪಿ ವಿಷಯ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಸ್ವಾರ್ಥದ ಮಾತು ಬಂತು ಅಂತ ಇದನ್ನೂ ಹೇಳಬೇಕು. ಅದೇ ವಾರ ಭಾವ, ಸುತ್ತಲಿನ ತೋಟಗಳಿಗೆ ತನ್ನದೇ ಮಷಿನ್ ಹೊತ್ತು ಬಾಡಿಗೆಗೆ ಬರುವ ಒಬ್ಬರನ್ನು ಕೇಳಿದರು. ಅವರು ಎಂಟು ವರ್ಷದಿಂದ ಇದೇ ಕೆಲಸ ಮಾಡುವವರು. ಅವರಿಗಿಂತ ತಿಳಿದವರು ಯಾರಿದ್ದಾರೆ?

"ಪಕ್ಕಕ್ಕೆ ಹಾಕೋದು ಬೇಡ ಗೌಡ್ರೆ, ಬೆನ್ನಿಗೆ ಹಾಕೋದಾದ್ರೆ ಸೈ. ಆದ್ರೂ ನೀವು ಯಾಕೆ ತಗೋತೀರಿ? ಆರು ತಿಂಗಳಿಗೆ ಮೂಲೆ ಸೇರುತ್ತೆ. ನಾನೇ ಬರ್ತೀನಲ್ಲ!"

ಭಾವ ಆ ರಾತ್ರಿ ಮಷಿನ್ನೇ ಬೇಡ ಅಂತ ಫೋನ್ ಮಾಡಿದರು. ನಾನು ನೋಟ್‌ಬುಕ್ ತೆಗೆದು, ಆ ಅಣ್ಣನ ಹೆಸರನ್ನೂ ಎರಡು ಕಲಮಿನಲ್ಲಿ ಬರೆದೆ. ಕೆಲಸ ಮಾಡಿದ್ದಾರಾ? ನಮ್ಮ ಇಳಿಜಾರಿನಲ್ಲೇ. ಲಾಭ? ಭಾವ ಮಷಿನ್ ಕೊಂಡರೆ ಇವರಿಗೆ ವರ್ಷಕ್ಕೆ ಹತ್ತು ದಿನದ ಬಾಡಿಗೆ ಹೋಗುತ್ತದೆ. ಹಾಗಾಗಿ 'ಬೆನ್ನಿಗೆ ಹಾಕೋದು' ಅನ್ನುವ ಮಾತನ್ನು ಇಟ್ಟುಕೊಂಡು 'ಮೂಲೆ ಸೇರುತ್ತೆ' ಅನ್ನುವುದನ್ನು ಪಕ್ಕಕ್ಕೆ ಸರಿಸಿದೆವು. ಮುಖ ನೋಡಿ ಮಾತಾಡಿದವರಿಗೂ, ಮುಖ ಕಾಣದ ಮೂರು ಸ್ಟಾರಿನ ತೋಟದವರಿಗೂ ಒಂದೇ ತಕ್ಕಡಿ. ಒಬ್ಬರನ್ನೊಬ್ಬರು ನೋಡದ ಇಬ್ಬರು ಬೆನ್ನಿನ ಮಷಿನ್ ವಿಷಯದಲ್ಲಿ ಒಂದೇ ಮಾತು ಹೇಳಿದ್ದರು. ಆಯ್ಕೆ ಅಲ್ಲೇ ಮುಗಿಯಿತು.

ಕೊಂಡದ್ದು ಬೇರೆ ಮಷಿನ್. ಬೆನ್ನಿಗೆ ಹೊರುವ ಎರಡು ಸ್ಟ್ರೋಕಿನದು, 3.9 ಸ್ಟಾರು, ಬರೀ 112 ರಿವ್ಯೂ, ಅವನ್ನೆಲ್ಲ ಒಂದೇ ಸಂಜೆ ಓದಿದೆವು. ತಗಡಿನ ಮೇಲಿನ ಕಿಲೋವ್ಯಾಟೂ ಪುಟದ ಎಚ್‌ಪಿಯೂ ತಾಳೆ ಆಗುತ್ತಿತ್ತು. ಬೆಲೆ ಎರಡೂವರೆ ಸಾವಿರ ಜಾಸ್ತಿ.

ನಾನು ತಪ್ಪಿದ್ದು

ಜೂನಿನಲ್ಲಿ ಕೊಟ್ಟಿಗೆಹಾರದ ಹಳೇ ಗಿರಾಕಿಯೊಬ್ಬರು ಪಹಣಿಗೆ ಬಂದರು. ಮಾತಿಗೆ ಮಾತು ಬಂದು ನಾನು ಮಷಿನ್ ಕಥೆ ಶುರು ಮಾಡಿ, ಭಾವ ಮೊದಲು ತೋರಿಸಿದ ಪುಟವನ್ನು ತೆರೆದು, ಸುಳ್ಳು ರಿವ್ಯೂ ಹೇಗಿರುತ್ತವೆ ಅಂತ ಅವರಿಗೆ ಪಾಠ ಹೇಳತೊಡಗಿದೆ. ಉದಾಹರಣೆಗೆ ಒಂದನ್ನು ಬೆರಳಿಟ್ಟು ತೋರಿಸಿದೆ. ಹೆಸರಿನ ಜಾಗದಲ್ಲಿ ಎರಡಕ್ಷರ, 'ಸೂಪರ್ ಮಷಿನ್ ಎಲ್ಲರೂ ತಗೊಳ್ಳಿ', ಐದು ಸ್ಟಾರು, ಬೇರೆ ರಿವ್ಯೂ ಒಂದೂ ಇಲ್ಲ. ನೋಟ್‌ಬುಕ್ಕಿನಲ್ಲಿ ಇದಕ್ಕೆ ಕೆಂಪು ಗೆರೆ ಬಿದ್ದಿತ್ತು.

ಅವರು ಸ್ಕ್ರೀನಿಗೆ ಬಗ್ಗಿದರು. "ಅದು ನನ್ನ ಮಗ ಹಾಕಿದ್ದು ಕಣ್ರೀ."

ಕಣದಲ್ಲಿ ನೀಲಿ ಟಾರ್ಪಾಲಿನ ಮೇಲೆ ಇಟ್ಟ ಮಷಿನ್ನಿನ ಫೋಟೊ, ಹಿಂದೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಅವರದೇ ಪಲ್ಪರ್ ಶೆಡ್ಡು. ನನಗೆ ನಾಚಿಕೆಯಾಯಿತು. ಯಾವಾಗ ಹಾಕಿದ್ದು ಕೇಳಿದೆ. ಮಷಿನ್ ಬಂದ ಎರಡನೇ ದಿನ, ಮನೆ ಹಿಂದೆ ಒಂದರ್ಧ ಗಂಟೆ ಓಡಿಸಿದ್ದರಂತೆ. 'ನಿಮ್ಮ ಅನುಭವ ಹಂಚಿಕೊಳ್ಳಿ' ಅಂತ ತಾಣದಿಂದ ಮೆಸೇಜ್ ಬಂತು, ಹುಡುಗ ಖುಷಿಯಲ್ಲಿದ್ದ, ಹಾಕಿದ.

"ಈಗ ಹೇಗಿದೆ?"

"ಈಗ ಶೆಡ್ಡಲ್ಲಿದೆ. ಹೋದ ವರ್ಷ ಆಗಸ್ಟಿಂದ ಸ್ಟಾರ್ಟೇ ಆಗ್ತಾ ಇಲ್ಲ."

ಅದನ್ನು ಯಾಕೆ ಬರೆಯಲಿಲ್ಲ ಅಂದೆ. ಬರೆಯೋಕೆ ಆಗುತ್ತಾ ಇನ್ನು, ಅಂತ ಅವರು ನನ್ನನ್ನೇ ಕೇಳಿದರು. ಆಗುತ್ತದೆ. ಹಾಕಿದ ರಿವ್ಯೂ ತಿದ್ದಲು ಬರುತ್ತದೆ. ಯಾರೂ ತಿದ್ದುವುದಿಲ್ಲ, ಅಷ್ಟೇ. ಅವರ ಮಗನ ಮೊಬೈಲಿನಿಂದ ತಿದ್ದಿಸುವ ಅಂತ ಮಾತಾಯಿತು. ಇವತ್ತಿಗೂ ಅದು ಐದು ಸ್ಟಾರೇ ಇದೆ.

ಕೆಂಪು ಗೆರೆ ಹಾಕಿದ್ದು ನನ್ನ ತಪ್ಪು, ಅದು ಸುಳ್ಳು ರಿವ್ಯೂ ಆಗಿರಲಿಲ್ಲ. ಆದರೆ ಅದನ್ನು ನಂಬದೆ ಇದ್ದದ್ದು ತಪ್ಪಾಗಿರಲಿಲ್ಲ. ಇವೆರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ನನಗಿನ್ನೂ ಕಷ್ಟ. ಅಂದಿನಿಂದ ನೋಟ್‌ಬುಕ್ಕಿಗೆ ಮೂರನೇ ಕಲಮು ಸೇರಿತು: ಎಷ್ಟು ದಿನ ಬಳಸಿ ಬರೆದದ್ದು.

ಡಬ್ಬದೊಳಗಿನ ಚೀಟಿ

ಭಾವನ ಮಷಿನ್ ಬಂದ ದಿನ ಡಬ್ಬದಲ್ಲಿ ಮಷಿನ್ನಿನ ಜೊತೆ ಒಂದು ಹೊಳೆಯುವ ಚೀಟಿಯೂ ಇತ್ತು. ಐದು ಸ್ಟಾರ್ ಹಾಕಿ, ಸ್ಕ್ರೀನ್‌ಶಾಟನ್ನು ಈ ನಂಬರಿಗೆ ವಾಟ್ಸಾಪ್ ಮಾಡಿ, 200 ರೂಪಾಯಿ ನಿಮ್ಮ ಖಾತೆಗೆ. ಐದು ಸಂಜೆ ಗೆರೆ ಎಳೆದು ಆರಿಸಿದ ಮಷಿನ್! 112 ರಲ್ಲಿ ಎಷ್ಟು ಜನ ಆ 200 ತಗೊಂಡಿದ್ದರೋ.

"ಬಿಟ್ಟಿ ಇನ್ನೂರು ಮಾರಾಯ, ಹಾಕಿಬಿಡು" ಅಂದರು ಭಾವ. ಅಕ್ಕ ಒಳಗಿಂದಲೇ, "ನೀವು ಹಾಕಿದ್ರೆ ಆ ಡೈಪರು ಚಪ್ಪಲಿಯವನಿಗೂ ನಿಮಗೂ ಏನ್ರೀ ವ್ಯತ್ಯಾಸ?" ಅಂದಳು. ಅವಳು ಐದು ಸಂಜೆಯೂ ಕಾಫಿ ಕೊಡುವ ನೆಪದಲ್ಲಿ ಎಲ್ಲ ಕೇಳಿಸಿಕೊಂಡಿದ್ದಳು ಅಂತ ಗೊತ್ತಾಗಿದ್ದು ಆಗಲೇ.

ಕಾನೂನು ಏನು ಹೇಳುತ್ತದೆ ಅಂತ ಭಾವ ಕೇಳಿದರು. 2020ರ ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವನು ಗ್ರಾಹಕನ ವೇಷ ಹಾಕಿ ತಾನೇ ರಿವ್ಯೂ ಬರೆಯುವಂತಿಲ್ಲ. ಈ ಚೀಟಿ ಆ ನಿಯಮದ ಸಂದಿಯಲ್ಲಿ ನುಸುಳುತ್ತದೆ, ಬರೆಯುವವನು ನಿಜವಾದ ಗ್ರಾಹಕನೇ ತಾನೆ. ಭಾರತೀಯ ಮಾನಕ ಬ್ಯೂರೊ 2022ರ ನವೆಂಬರಿನಲ್ಲಿ ರಿವ್ಯೂಗಳಿಗೆಂದೇ ಐಎಸ್ 19000:2022 ಎಂಬ ಮಾನದಂಡ ತಂದಿತು. ಬರೆಯುವವರು ಯಾರೆಂದು ಪರಿಶೀಲಿಸಬೇಕು, ದುಡ್ಡು ಕೊಟ್ಟು ಬರೆಸಿದ್ದನ್ನು ಪ್ರಕಟಿಸಬಾರದು ಎಂಬುದೆಲ್ಲ ಅದರಲ್ಲಿದೆ. ಆದರೆ ಬಂದಾಗ ಅದು ಸ್ವಯಂಪ್ರೇರಿತ ಮಾನದಂಡವಾಗಿ ಬಂತು. ಇಷ್ಟವಿದ್ದ ತಾಣ ಪಾಲಿಸಬಹುದಿತ್ತು. ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಅಂದೆ. ಇನ್ನೂರಕ್ಕೆ ದೂರು ಕೊಡೋದೇನೋ, ಅಂತ ಭಾವ ಚೀಟಿಯನ್ನು ಮಡಚಿ ಕನ್ನಡಕದ ಡಬ್ಬಿಗೆ ಸೇರಿಸಿದರು.

ರಿವ್ಯೂ ಬರೆದದ್ದು ಮಳೆ ಕಳೆದ ಮೇಲೆ, ನವೆಂಬರಿನಲ್ಲಿ. ಭಾವ ಹೇಳುತ್ತ ಹೋದರು, ನಾನು ಟೈಪ್ ಮಾಡಿದೆ. ಸ್ಟಾರಿನ ಮೇಲೆ ಜಗಳವಾಯಿತು. ಅವರು ಐದು ಅಂದರು, ನಾನು ಮೂರು ಅಂದೆ, ನಾಲ್ಕಕ್ಕೆ ರಾಜಿ. ಮೊದಲ ಸಲ ಚೀಟಿಯ ವಿಷಯವನ್ನೂ ಸೇರಿಸಿದ್ದೆವು. ನಿಯಮಕ್ಕೆ ಒಳಪಟ್ಟಿಲ್ಲ ಅಂತ ತಾಣ ವಾಪಸ್ ಕಳಿಸಿತು, ಯಾವ ನಿಯಮ ಅಂತ ಹೇಳಲಿಲ್ಲ. ಚೀಟಿಯ ಸಾಲು ತೆಗೆದು ಮತ್ತೆ ಹಾಕಿದೆವು, ಅರ್ಧ ದಿನದಲ್ಲಿ ಬಂತು. ಅಲ್ಲಿ ಉಳಿದದ್ದು ಇಷ್ಟು:

"ಒಂದು ಮಳೆಗಾಲ ನಾಲ್ಕು ಎಕರೆ ಇಳಿಜಾರು ಕಾಫಿ ತೋಟದಲ್ಲಿ ಎರಡು ಸುತ್ತು ಓಡಿಸಿದ್ದೇನೆ. ಲೀಟರಿಗೆ 40 ಎಂಎಲ್ ಆಯಿಲ್ ಮರೆಯಬೇಡಿ, ಪುಸ್ತಕದಲ್ಲಿ ಸಣ್ಣಕ್ಷರದಲ್ಲಿದೆ. ಬೆನ್ನಿಗೆ ಹೊರುವುದರಿಂದ ತೊಟ್ಟಿಲು ಗುಂಡಿ ದಾಟಬಹುದು. ಜುಲೈನಲ್ಲಿ ಪ್ಲಗ್ ಒಂದು ಸಲ ಹೋಯಿತು. ಎರಡು ಗಂಟೆಗಿಂತ ಹೆಚ್ಚು ಹೊತ್ತರೆ ಕೈ ನಡುಗುತ್ತದೆ, ಅನ್ನದ ತುತ್ತು ಸರಿಯಾಗಿ ಬಾಯಿಗೆ ಹೋಗುವುದಿಲ್ಲ. ಮೆಣಸಿನ ಬಳ್ಳಿ ಹತ್ತಿರ ಕತ್ತಿಯಲ್ಲೇ ಬಿಡಿಸಿ. ನನ್ನದು ಒಂದು ಬಳ್ಳಿ ಹೋಯಿತು."

ಮೂರು ವಾರ ಕಳೆದು ತೋರಿಸಿದೆ, ಕೆಳಗೆ 'ಒಬ್ಬರಿಗೆ ಉಪಯೋಗವಾಯಿತು' ಅಂತ ಬಂದಿತ್ತು. ಭಾವ ಮೊಬೈಲನ್ನು ಹತ್ತಿರ ತಂದುಕೊಂಡು, ಆ ಅಕ್ಷರದ ಮೇಲೆ ಎರಡು ಸಲ ಬೆರಳು ಒತ್ತಿದರು. ಏನೂ ತೆರೆಯಲಿಲ್ಲ.

"ಯಾರೋ ಇದು? ತೋಟ ಯಾವ ಕಡೆ ಇವರದ್ದು?"